ನೆಟ್ಟಿನ ಪೋಡಿ

ಸಬ್‌ನೆಟ್ ಎಂದರೇನು ಎಂಬುದು ನನಗೆ ನಿಜವಾಗಿ ತಿಳಿದದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅಜ್ಜಿಯ ಊರಿನ ಜಗಲಿಯ ಮೇಲೆ. ಅದಕ್ಕೂ ಮೊದಲು ಹನ್ನೆರಡು ವರ್ಷ ಅದೇ ಕೆಲಸ ಮಾಡಿ ಸಂಬಳ ತೆಗೆದುಕೊಂಡಿದ್ದೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಸರಿಯಾಗಿ ತಿಳಿಯದೆ ಮಾಡುವ ಕೆಲಸಗಳಿಂದಲೇ ಅರ್ಧ ಹುಣಸೂರು ನಡೆಯುತ್ತಿದೆ.

ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಕೇಬಲ್ ಎಳೆಯುವುದು, ಸ್ವಿಚ್ ಕೆಟ್ಟರೆ ಬದಲಿಸುವುದು, ನೆಟ್ ಹೋದಾಗ ಪ್ರಿನ್ಸಿಪಾಲರಿಂದ ಬೈಸಿಕೊಳ್ಳುವುದು ನನ್ನ ಕೆಲಸ. ಡಿಪ್ಲೊಮಾ ಓದುವಾಗ ಮೇಷ್ಟರು ಬೋರ್ಡಿನ ಮೇಲೆ 128, 64, 32 ಎಂದು ಬರೆದು, ಕೆಳಗೊಂದು ಗೆರೆ ಎಳೆದು, "ಇದು ಗ್ಯಾರಂಟಿ ಹತ್ತು ಮಾರ್ಕ್ಸ್, ಬಾಯಿಪಾಠ ಮಾಡಿ" ಎಂದಿದ್ದರು. ಮಾಡಿದೆ. ಹತ್ತಕ್ಕೆ ಒಂಬತ್ತು ಬಂತು. ಆಮೇಲೆ ಎಲ್ಲಿ ಹೋದರೂ ಆ ಪಾಠದ ಪ್ರಕಾರ ನಂಬರು ಹಾಕುತ್ತಾ ಬಂದೆ, ಅಷ್ಟೇ.

ಅಜ್ಜಿಯ ಊರು ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕಿದೆ. ಅಜ್ಜಿ ಎಂದರೆ ನನ್ನ ಅವ್ವನ ಅವ್ವ. ಅವಳಿಗೆ ಇಬ್ಬರು ಗಂಡುಮಕ್ಕಳು, ನನ್ನ ದೊಡ್ಡಮಾವ ಮತ್ತು ಚಿಕ್ಕಮಾವ. ನಾಲ್ಕು ವರ್ಷದ ಹಿಂದೆ ಭಾಗವಾಯಿತು. ಜಮೀನಿನ ಸರ್ವೆ ನಂಬರನ್ನು ಅಳೆದು, ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ನಕ್ಷೆ ಬರೆಯುವುದಕ್ಕೆ ನಮ್ಮ ಕಡೆ ಪೋಡಿ ಎನ್ನುತ್ತಾರೆ. ಪೋಡಿಯಾದ ಮೇಲೆ ಎಂಬತ್ತನಾಲ್ಕನೇ ಸರ್ವೆ ನಂಬರಿನ ಹೊಲ 84/1, 84/2 ಎಂದು ಎರಡು ಹಿಸ್ಸಾ ಆಯಿತು. ಸರ್ವೆಯವರು ಕಲ್ಲು ನೆಟ್ಟ ದಿನ ಬದುವಿನ ಮೇಲಿದ್ದ ಒಂದು ಹೊಂಗೆ ಮರ ಯಾರ ಕಡೆಗೆ ಬರುತ್ತದೆ ಎಂದು ಮಾತು ಬೆಳೆದು, ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಮನೆಯ ನಡುವೆ ಗೋಡೆ ಎದ್ದಿತು. ಬಾಗಿಲು ಎರಡಾದವು. ಮುಂದಿನ ಜಗಲಿಯನ್ನು ಮಾತ್ರ ಯಾಕೋ ಕಡಿಯಲಿಲ್ಲ, ಅದು ಎರಡೂ ಬಾಗಿಲ ಮುಂದೆ ಉದ್ದಕ್ಕೂ ಹಾಗೇ ಉಳಿದಿದೆ.

ಅಜ್ಜಿಗೆ ತಿಂಗಳ ಸರದಿ. ಒಂದು ತಿಂಗಳು ದೊಡ್ಡವನ ಮನೆಯಲ್ಲಿ ಊಟ, ಒಂದು ತಿಂಗಳು ಚಿಕ್ಕವನ ಮನೆಯಲ್ಲಿ. ಅಮಾವಾಸ್ಯೆಯ ಮಾರನೆಯ ದಿನ ಅವಳು ತನ್ನ ಎಲೆಅಡಿಕೆ ಚೀಲ, ಎರಡು ಸೀರೆ, ಕೋಲು ಹಿಡಿದು ಜಗಲಿಯ ಮೇಲೆ ಹತ್ತು ಹೆಜ್ಜೆ ನಡೆದು ಆ ಬಾಗಿಲಿಂದ ಈ ಬಾಗಿಲಿಗೆ ಬರುತ್ತಾಳೆ. ನನಗೆ ಆ ಹತ್ತು ಹೆಜ್ಜೆ ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಅವಳಿಗೆ ಬರುತ್ತಿರಲಿಲ್ಲ, ಅಥವಾ ಬಂದರೂ ನುಂಗಿಕೊಳ್ಳುತ್ತಿದ್ದಳು.

ಕಳೆದ ವರ್ಷ ಹೊಗೆಸೊಪ್ಪಿನ ಕೆಲಸವೆಲ್ಲ ಮುಗಿದ ಬಿಡುವಿನಲ್ಲಿ ಊರಿಗೆ ಫೈಬರ್ ನೆಟ್ ಬಂತು. ಕಂಬದ ಮೇಲಿನ ಡಬ್ಬಿಯಲ್ಲಿ ಆ ಬೀದಿಗೆ ಉಳಿದಿದ್ದದ್ದು ಒಂದೇ ಕನೆಕ್ಷನ್ನು. ಇಬ್ಬರಿಗೂ ಬೇಕು. ಕೊನೆಗೆ ಅದನ್ನು ಅಜ್ಜಿಯ ಹೆಸರಿಗೆ ಬರೆಸಿ, ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನು ಮಾಡಿದರು. ದೊಡ್ಡಮಾವ ಕೇಳಿದ್ದು ಹೀಗೆ:

"ನೆಟ್ಟುನ್ನ ಪೋಡಿ ಮಾಡ್ಕೊಡಕ್ಕಾಯ್ತದಾ ನಿನ್ ಕೈಲಿ? ಅವ್ರುದು ನಮ್ಗೆ ಕಾಣ್ಬಾರ್ದು, ನಮ್ದು ಅವ್ರಿಗೆ ಕಾಣ್ಬಾರ್ದು. ಅಷ್ಟೇಯ."

ಚಿಕ್ಕಮಾವ ಕೇಳಿದ್ದೂ ಅದನ್ನೇ, ಪೋಡಿ ಎಂಬ ಮಾತೊಂದನ್ನು ಬಿಟ್ಟು. ಮೂರು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಒಂದೇ ವಿಷಯ ಅದು ಎಂದು ನಾನು ಮನೆಯಲ್ಲಿ ನಗುತ್ತಾ ಹೇಳಿದ್ದೆ.

ದೊಡ್ಡಮಾವನಿಗೆ ಮರೆಮಾಚುವಂಥದ್ದು ಏನಿತ್ತು ಎಂದರೆ, ಕೊಟ್ಟಿಗೆಯ ಕ್ಯಾಮೆರಾ. ಕಾಡಿನಂಚಿನ ಊರು, ಚಿರತೆ ಬಂದು ಕರು ಎತ್ತಿಕೊಂಡು ಹೋಗುತ್ತದೆ ಎಂದು ಕೊಪ್ಪದ ಅಂಗಡಿಯಿಂದ ಒಂದು ಕ್ಯಾಮೆರಾ ತಂದಿದ್ದ. ಅದರಲ್ಲಿ ಕಾಣುವುದು ನಾಲ್ಕು ದನ, ಒಂದು ಬಾನಿ, ಒಂದು ಹುಲ್ಲಿನ ಹೊರೆ. "ಊರೋರೆಲ್ಲ ಇಂಟರ್‌ನೆಟ್ಟಲ್ಲಿ ನಮ್ ಕೊಟ್ಗೆ ನೋಡೋದು ಬ್ಯಾಡ" ಎಂದು ಅವನ ಹಟ. ಹಾಗಾಗಿ ಆ ಕ್ಯಾಮೆರಾ ಮನೆಯ ನೆಟ್ಟಿನೊಳಗೆ ಮಾತ್ರ ಕಾಣುವಂತೆ ಮಾಡಿದೆ. ಹೊರಗಿನಿಂದ ಯಾರೂ ಅದನ್ನು ತಲುಪಲಾರರು.

ಅದು ಕಷ್ಟದ ಕೆಲಸವಲ್ಲ. ನೆಟ್ಟಿನಲ್ಲಿ ಪ್ರತಿ ಫೋನಿಗೂ ಪ್ರತಿ ಕ್ಯಾಮೆರಾಕ್ಕೂ ಒಂದು ನಂಬರು, ಅದೇ ಅದರ ವಿಳಾಸ. ಮನೆಯೊಳಗೆ ಬಳಸುವ ವಿಳಾಸಗಳೇ ಬೇರೆ ಇವೆ. 192.168 ಎಂದು ಶುರುವಾಗುವವು, 10 ಎಂದು ಶುರುವಾಗುವವು, ಮತ್ತೆ 172.16ರಿಂದ 172.31ರವರೆಗಿನವು. ಮೂರನೆಯದನ್ನು ನಾನು ಪರೀಕ್ಷೆಯಲ್ಲೂ ಮರೆತಿದ್ದೆ, ಆ ಒಂದು ಮಾರ್ಕು ಹೋದದ್ದು ಅಲ್ಲೇ. ಇವು ಯಾರ ಸ್ವತ್ತೂ ಅಲ್ಲ, ಯಾರನ್ನೂ ಕೇಳದೆ ಯಾರು ಬೇಕಾದರೂ ಬಳಸಬಹುದು. ಆದರೆ ಹೊಸಿಲು ದಾಟಿ ಹೊರಗೆ ನಡೆಯುವುದಿಲ್ಲ. ಹೊರಗಿನ ರಸ್ತೆಯಲ್ಲಿ ಅಂಥ ವಿಳಾಸ ಕಂಡರೆ ಮುಂದಕ್ಕೆ ಬಿಡುವವರಿಲ್ಲ. ಮನೆಯವರೆಲ್ಲರ ಪರವಾಗಿ ರೂಟರೇ ತನ್ನ ಹೊರಗಿನ ಹೆಸರು ಹೇಳಿಕೊಂಡು ಹೋಗಿ ಬೇಕಾದ್ದನ್ನು ತರುತ್ತದೆ. ಹುಣಸೂರಿನಲ್ಲಿ ಸಾವಿರ ಮನೆಗಳಲ್ಲಿ 192.168.1.1 ಇದೆ, ಒಂದಕ್ಕೊಂದು ತಗಾದೆ ಇಲ್ಲ. ನಮ್ಮೂರಿನ ಪ್ರತಿ ಮನೆಯಲ್ಲೂ ಒಬ್ಬಳು ಅಜ್ಜಿ ಇದ್ದಾಳೆ. ಒಳಗೆ ಅಜ್ಜಿ ಎಂದರೆ ಸಾಕು, ಹೆಸರು ಬೇಕಾಗುವುದು ರೇಷನ್ ಕಾರ್ಡಿಗೆ ಮಾತ್ರ.

ಆ ಭಾನುವಾರ ಕಾಲೇಜಿನಲ್ಲಿ ಕೇಳಿ ಬಿಡಿಸಿಕೊಂಡಿದ್ದ ಒಂದು ಹಳೆಯ ರೂಟರ್ ಹಿಡಿದು ಹೋದೆ. ಅದನ್ನು ಎಲ್ಲಿಡುವುದು ಎಂಬುದಕ್ಕೇ ಮಧ್ಯಾಹ್ನದವರೆಗೆ ಚರ್ಚೆ. ಇವರ ಮನೆಯಲ್ಲಿಟ್ಟರೆ ಅವರು ಒಪ್ಪುವುದಿಲ್ಲ, ಅವರ ಮನೆಯಲ್ಲಿಟ್ಟರೆ ಇವರು. ಕೊನೆಗೆ ನಾನೇ ಏಣಿ ಹತ್ತಿ, ನಡುಗೋಡೆಯ ತಲೆಯ ಮೇಲೆ, ಹೆಂಚಿನಡಿ ಹಲಗೆ ಹೊಡೆದು ಅಲ್ಲಿ ಕೂರಿಸಿ, ಎರಡೂ ಮನೆಯೊಳಗೆ ಒಂದೊಂದು ವೈಫೈ ಪೆಟ್ಟಿಗೆ ಇಟ್ಟೆ. ಆಮೇಲೆ ಒಂದು ಮನೆಗೆ ಮೊದಲ ಅರ್ಧ, ಇನ್ನೊಂದಕ್ಕೆ ಎರಡನೆಯ ಅರ್ಧ ಎಂದು ವಿಳಾಸಗಳನ್ನು ಭಾಗ ಮಾಡಿದೆ. ಇಂಥ ಒಂದೊಂದು ತುಂಡಿಗೇ ಸಬ್‌ನೆಟ್ ಎನ್ನುವುದು. ಹಾಗೆ ಭಾಗ ಮಾಡಿದರೂ ನಡುವೆ ಕೂತ ರೂಟರಿಗೆ ಎರಡೂ ಕಡೆ ಗೊತ್ತು, ಅದು ಸುಮ್ಮನಿದ್ದರೆ ಇಲ್ಲಿಂದಲ್ಲಿಗೆ ದಾಟಿಸಿಬಿಡುತ್ತದೆ. ಆದ್ದರಿಂದ ದಾಟಿಸಬೇಡ ಎಂಬ ಆಜ್ಞೆಯನ್ನೂ ಬರೆದೆ. ಎರಡು ಕಾಗದದ ಮೇಲೆ ಅವರವರ ಭಾಗ ಬರೆದು ಕೊಟ್ಟೆ. ಬರೆದು ಕೊಡದಿದ್ದರೆ ನಂಬುವ ಜನವಲ್ಲ.

ದೊಡ್ಡಮಾವನ ಚೀಟಿಯಲ್ಲಿ 192.168.1.0/25 ಎಂದಿತ್ತು. ಚಿಕ್ಕಮಾವನದರಲ್ಲಿ 192.168.1.128/25. ನಾನು ಕೈತೊಳೆದು ಜಗಲಿಯ ಮೇಲೆ ಊಟಕ್ಕೆ ಕೂರುವಷ್ಟರಲ್ಲಿ, ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಎರಡೂ ಚೀಟಿ ದೊಡ್ಡಮಾವನ ಹತ್ತಿರ ಇದ್ದವು. ಕನ್ನಡಕ ಏರಿಸಿಕೊಂಡು ಎರಡನ್ನೂ ನೋಡುತ್ತಿದ್ದ.

"ಏನಮ್ಮಿ ಇದು? ನಂಗೂ ಇಪ್ಪತ್ತೈದ್ನೇ ಹಿಸ್ಸಾ, ಅವ್ನಿಗೂ ಇಪ್ಪತ್ತೈದ್ನೇ ಹಿಸ್ಸಾ. ಒಂದೇ ಹಿಸ್ಸಾ ಇಬ್ರಿಗೆ ಬರೆದ್ರೆ ನಾಳೆ ತಕರಾರಾಗಕಿಲ್ವಾ?"

ನನಗೆ ಅನ್ನ ನೆತ್ತಿಗೇರಿತು. ಗೆರೆ ಕಂಡರೆ ಹಿಸ್ಸಾ ಎಂದು ಓದುವುದು ಅವನ ತಪ್ಪಲ್ಲ. ಪಹಣಿ ನೋಡಿ ಬೆಳೆದ ಯಾರಾದರೂ ಹಾಗೇ ಓದುತ್ತಾರೆ. ಆದರೆ ಇದು ಹಿಸ್ಸಾ ಅಲ್ಲ ಎಂದು ಹೇಳಿದರೆ ಮತ್ತೇನು ಎಂದು ಹೇಳಬೇಕು, ಅದು ನನ್ನ ಬಾಯಿಗೆ ಬರಲಿಲ್ಲ. ಹನ್ನೆರಡು ವರ್ಷದಿಂದ ಬರೆಯುತ್ತಿದ್ದ ಗೆರೆ, ಅದರ ಹಿಂದಿನ ಅರ್ಥವನ್ನು ಒಂದು ದಿನವೂ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

"ಇದು ತುಂಡಿನ ನಂಬರಲ್ಲ ಮಾವ, ಅಳತೆ" ಎಂದು ಶುರು ಮಾಡಿದೆ. ಮೆಷಿನ್ನು ಓದುವ ಹಾಗೆ ಬಿಡಿಸಿದರೆ ಒಂದು ವಿಳಾಸದಲ್ಲಿ ಚೌಕಾಬಾರದ ಹಾಗೆ ಮೂವತ್ತೆರಡು ಮನೆ ಇವೆ ಅಂದುಕೊಳ್ಳಿ, ಪ್ರತಿ ಮನೆಯಲ್ಲೂ ಸೊನ್ನೆ ಇಲ್ಲವೇ ಒಂದು. ಗೆರೆಯ ಮುಂದಿನ ಇಪ್ಪತ್ತೈದು ಎಂದರೆ ಮೊದಲ ಇಪ್ಪತ್ತೈದು ಮನೆಗೆ ಕಲ್ಲು ನೆಟ್ಟಾಯಿತು, ಅದನ್ನು ಯಾರೂ ಅಲುಗಿಸುವಂತಿಲ್ಲ. ಉಳಿದ ಏಳು ಮನೆ ನಿಮ್ಮ ಕೈಯಲ್ಲಿ. ಆ ಏಳರಲ್ಲಿ ಸೊನ್ನೆ, ಒಂದು ಹಾಕುತ್ತಾ ಹೋದರೆ ನೂರ ಇಪ್ಪತ್ತೆಂಟು ವಿಳಾಸ ಹುಟ್ಟುತ್ತವೆ. ಗೆರೆಯ ಮುಂದಿನ ಅಂಕಿ ಒಂದು ಏರಿದರೆ ಇನ್ನೊಂದು ಮನೆಗೆ ಕಲ್ಲು ಬಿತ್ತು, ನಿಮ್ಮದು ಅರ್ಧಕ್ಕೆ ಇಳಿಯಿತು. ಹೇಳುತ್ತಾ ಹೇಳುತ್ತಾ ನನಗೇ ಅರೆ ಎನ್ನಿಸಿತು. ಮೇಷ್ಟರು ಬೋರ್ಡಿನ ಮೇಲೆ ಎಳೆದ ಗೆರೆ ಈ ಕಲ್ಲೇ. ಅಂಕಿ ದೊಡ್ಡದಾದಷ್ಟೂ ಜಾಗ ಯಾಕೆ ಚಿಕ್ಕದಾಗುತ್ತದೆ ಎಂಬುದು ಅವತ್ತು ತಟ್ಟೆಯ ಮುಂದೆ ಕೂತು ಹೊಳೆಯಿತು. ಖುಷಿಯಾಯಿತು, ಜೊತೆಗೆ ಒಂಬತ್ತು ಮಾರ್ಕು ವಾಪಸು ಕೊಡಬೇಕು ಅನ್ನಿಸಿತು.

ದೊಡ್ಡಮಾವ ಎಲ್ಲ ಕೇಳಿಸಿಕೊಂಡ. ಆಮೇಲೆ ಬೆರಳು ಮಡಚಿ, "ನೂರಿಪ್ಪತ್ತೆಂಟು ಪೂರಾ ಬತ್ತದಾ?" ಎಂದ.

"ಇಲ್ಲ ಮಾವ, ಎರಡು ಹೋಗುತ್ತವೆ. ನೂರ ಇಪ್ಪತ್ತಾರು."

"ಎಲ್ಡು ಎಲ್ಲೋಯ್ತು?"

ನಾನು ಮತ್ತೆ ತಡವರಿಸಿದೆ. ಆಗ ಬಾಯಿಗೆ ಬಂದದ್ದು ಖರಾಬು ಎಂಬ ಮಾತು. ಯಾವ ಜಮೀನನ್ನು ಅಳೆದರೂ ಒಂದಿಷ್ಟು ಗುಂಟೆಯನ್ನು ಉಳುಮೆಗೆ ಸಲ್ಲದ್ದು ಎಂದು ಬೇರೆ ಬರೆಯುತ್ತಾರೆ. ಬಂಡೆ, ಹಳ್ಳ, ದಾರಿ. ಅದಕ್ಕೆ ಖರಾಬು ಎಂದು ಹೆಸರು. "ಇದರಲ್ಲೂ ಪ್ರತಿ ತುಂಡಿಗೂ ಎರಡು ನಂಬರು ಖರಾಬು ಮಾವ. ಮೊದಲನೆಯದು ಆ ತುಂಡಿನದೇ ಹೆಸರು, ಅದನ್ನ ಯಾವ ಫೋನಿಗೂ ಕೊಡೋ ಹಂಗಿಲ್ಲ. ಕೊನೆಯದು ಆ ತುಂಡಿನಲ್ಲಿರೋ ಎಲ್ಲರನ್ನೂ ಒಟ್ಟಿಗೆ ಕೂಗೋದಕ್ಕೆ."

"ಕೂಗಾಕೂ ಒಂದು ನಂಬ್ರಾ?"

"ಅಜ್ಜಿ ನಡುಮನೇಲಿ ನಿಂತು ಉಣ್ಣೋಕೆ ಕರೀತಿದ್ದಳಲ್ಲ ಮಾವ, ಹಂಗೆ. ಒಂದು ಸಲ ಕೂಗಿದ್ರೆ ಎಲ್ಲರಿಗೂ ಕೇಳುತ್ತೆ. ಆದ್ರೆ ಅವರವರ ತುಂಡಿನೊಳಗೆ ಮಾತ್ರ, ಆ ಕಡೆಗೆ ದಾಟೋದಿಲ್ಲ."

ಅವನು ಕನ್ನಡಕ ತೆಗೆದ. ತಮ್ಮನ ಚೀಟಿ ಪಕ್ಕಕ್ಕಿಟ್ಟು, ತನ್ನದನ್ನು ಮಡಚಿ ಜೇಬಿಗಿಟ್ಟುಕೊಂಡ. ಅಜ್ಜಿ ಗೋಡೆಗೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಗೋಡೆ ಎದ್ದ ಮೇಲೆ ಅವಳು ಹಾಗೆ ಕೂಗುವುದನ್ನು ಬಿಟ್ಟಿದ್ದಳು. ಈ ಕಡೆ ಕೂಗಿದರೆ ಆ ಕಡೆಯವರಿಗೂ ಕೇಳುತ್ತದೆ, ಕೇಳಿದರೆ ಬರಲಾಗುವುದಿಲ್ಲ. ಅದಕ್ಕೇ ಇರಬೇಕು.

ಅವತ್ತು ಸಂಜೆ ಹೊರಡುವ ಮೊದಲು ಅಜ್ಜಿಯ ಫೋನಿಗೂ ವೈಫೈ ಹಾಕಿದೆ. ಆ ತಿಂಗಳು ದೊಡ್ಡಮಾವನ ಸರದಿ, ಹಾಗಾಗಿ ದೊಡ್ಡಮಾವನ ವೈಫೈ. ಕೊಟ್ಟಿಗೆಯ ಕ್ಯಾಮೆರಾ ನೋಡುವುದನ್ನೂ ಕಲಿಸಿದೆ. ಕೊಟ್ಟಿಗೆಯಲ್ಲಿ ಅವಳ ಕಡಸು ಇತ್ತು. ತಾಯಿ ಸತ್ತ ಕರುವಿಗೆ ಅಜ್ಜಿಯೇ ಬಾಟಲಿಯಲ್ಲಿ ಹಾಲು ಕುಡಿಸಿ, ರಾತ್ರಿ ಗೋಣಿಚೀಲ ಹೊದಿಸಿ ಬದುಕಿಸಿದ್ದಳು. ಭಾಗದಲ್ಲಿ ಅದು ದೊಡ್ಡಮಾವನ ಪಾಲಿಗೆ ಬಂದಿತ್ತು. ಈಗ ಅದು ಚೊಚ್ಚಲು ಗಬ್ಬ. ಅಜ್ಜಿಯ ಮಂಡಿ ಆಪರೇಷನ್ ಆದಮೇಲೆ ಹಿತ್ತಿಲ ಮೆಟ್ಟಿಲು ಇಳಿದು ಕೊಟ್ಟಿಗೆಗೆ ಹೋಗುವಂತಿಲ್ಲ. ಫೋನಿನಲ್ಲಿ ಕಡಸನ್ನು ಕಂಡದ್ದೇ ಅವಳು ಬಾಯಲ್ಲಿದ್ದ ಎಲೆ ಅಗಿಯುವುದನ್ನೂ ಮರೆತಳು.

"ಇದು ಈಗಿಂದಾ ಮಗ? ಈಗ ಇಂಗೇ ನಿಂತದಾ?"

"ಈಗಿಂದೇ ಕಣಜ್ಜಿ."

"ಕರ ಆಕೋವಾಗ ನಾನಿರ್ಬೇಕು ಅಂತ ಎಷ್ಟಾಸೆ ಇತ್ತು ಗೊತ್ತಾ? ಚೊಚ್ಲು, ಎದ್ರುಕೋತದೆ. ಇದ್ರಲ್ಲೇ ನೋಡ್ಕೋತೀನಿ ಬುಡು."

ನಾನು ಬಹಳ ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಬಸ್ಸು ಹತ್ತಿದೆ.

ಅಮಾವಾಸ್ಯೆ ಕಳೆಯಿತು. ಅಜ್ಜಿ ತನ್ನ ಹತ್ತು ಹೆಜ್ಜೆ ನಡೆದು ಚಿಕ್ಕಮಾವನ ಮನೆಗೆ ಬಂದಳು. ನಾಲ್ಕೈದು ದಿನಕ್ಕೆ ಚಿಕ್ಕಮಾವ ಫೋನು ಮಾಡಿದ. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

"ಅವ್ವ ನಮ್ ಮನೇಲಿ ಉಣ್ತಾಳೆ, ಕೈತೊಳ್ಕೊಂಡು ಓಗಿ ಅವ್ರ್ ಬಾಗ್ಲು ಮುಂದೆ ಕೂತ್ಕೋತಾಳೆ ಕಣವ್ವ. ಬಿಸ್ಲಾದ್ರೂ ಅಲ್ಲೇ. ನೋಡ್ದೋರು ಏನಂದ್ಕತಾರೆ? ನಾವೇನ್ ಅವ್ಳಿಗೆ ಇಂಸೆ ಕೊಟ್ಟವಾ?"

ಕೇಳುತ್ತಲೇ ನನಗೆ ಗೊತ್ತಾಯಿತು. ತಪ್ಪು ನನ್ನದು. ಚಿಕ್ಕಮಾವನ ಮನೆಯೊಳಗೆ ಅಜ್ಜಿಯ ಫೋನು ಚಿಕ್ಕಮಾವನ ತುಂಡಿನ ವಿಳಾಸ ತೆಗೆದುಕೊಳ್ಳುತ್ತದೆ. ಅಲ್ಲಿಂದ ಕೊಟ್ಟಿಗೆ ಕಾಣುವುದಿಲ್ಲ. ಕಾಣಬಾರದು ಎಂದು ಆಜ್ಞೆ ಬರೆದವಳೇ ನಾನು. ಜಗಲಿಯ ಆ ತುದಿಗೆ ಹೋಗಿ ದೊಡ್ಡಮಾವನ ಬಾಗಿಲ ಮುಂದೆ ಕೂತರೆ ಅಲ್ಲಿಯ ವೈಫೈ ಹಿಡಿಯುತ್ತದೆ, ಕಡಸು ಕಾಣುತ್ತದೆ. ಅದನ್ನು ಯಾರೂ ಹೇಳಿಕೊಡದೆ ಕಂಡುಕೊಂಡು, ಯಾರಿಗೂ ದೂರು ಹೇಳದೆ, ಬಿಸಿಲಲ್ಲಿ ಹೋಗಿ ಕೂತಿದ್ದಳು.

ಇನ್ನೊಂದು ವಿಷಯವೂ ಹೊಳೆಯಿತು. ಜಮೀನು ಭಾಗವಾದಾಗ ಎರಡೇ ಹಿಸ್ಸಾ ಆದವು, ಅಜ್ಜಿಗೆ ಇರಲಿಲ್ಲ. ತೋರಿಸಿದ ಕಡೆ ಸೈನು ಹಾಕಿ ಬಿಟ್ಟುಕೊಟ್ಟಳು. ಆಗ ನಾನು ಊರಲ್ಲೆಲ್ಲ, ಎಂಥ ಮಕ್ಕಳು ನೋಡಿ, ಅವ್ವನಿಗೆ ಒಂದು ಗುಂಟೆ ಬೇಡವಾ ಎಂದು ಕೂಗಾಡಿದ್ದೆ. ಈಗ ನನ್ನ ಕೈಗೆ ಭಾಗ ಮಾಡುವ ಕೆಲಸ ಬಂದಾಗ ನಾನೂ ಎರಡೇ ಮಾಡಿದ್ದೆ. ಅದೂ ಅವಳ ಹೆಸರಲ್ಲೇ ಇರುವ ಕನೆಕ್ಷನ್ನನ್ನು.

ಕಡಸು ಇವತ್ತೋ ನಾಳೆಯೋ ಎನ್ನುವಂತಿದೆ ಎಂದು ದೊಡ್ಡತ್ತೆ ಹೇಳಿದ್ದರಿಂದ ಭಾನುವಾರದವರೆಗೆ ಕಾಯಲಿಲ್ಲ. ಒಂದು ದಿನ ರಜೆ ಹಾಕಿ ಬೆಳಗಿನ ಬಸ್ಸಿಗೆ ಹೋದೆ. ಅಜ್ಜಿ ಜಗಲಿಯ ಆ ತುದಿಯಲ್ಲೇ ಇದ್ದಳು. ತಲೆಯ ಮೇಲೆ ಸೆರಗು, ಮಡಿಲಲ್ಲಿ ಫೋನು.

ಮೊದಲು ದೊಡ್ಡಮಾವನನ್ನು ಕರೆದು ಹೇಳಿದೆ: "ಮಾವ, ಅಜ್ಜಿ ಯಾವ ಮನೇಲಿದ್ರೂ ಕೊಟ್ಟಿಗೆ ನೋಡೋ ಹಂಗೆ ಮಾಡ್ತೀನಿ. ನೀವು ಹೂಂ ಅನ್ನಬೇಕು."

ಅವನು ಗಲ್ಲ ಕೆರೆದುಕೊಂಡ. "ಅವ್ವ ನೋಡಾದ್ಕೆ ನಾನ್ಯಾಕ್ ಬ್ಯಾಡ ಅನ್ಲಿ? ಆದ್ರೆ ಆ ಮನೇಲಿ ಕೂತು ಅವ್ಳ್ ಫೋನಲ್ಲಿ ಅವ್ರೂ ನೋಡ್ತಾರಲ್ಲ."

"ನೋಡಲಿ ಬಿಡಿ. ದನ ನೋಡಿದ್ರೆ ಸವೆದು ಹೋಗುತ್ತಾ?"

ಜಗಲಿಯ ಈ ತುದಿಯಿಂದ ಚಿಕ್ಕಮಾವ, ನನ್ನನ್ನೇ ನೋಡುತ್ತಾ, ಅಣ್ಣನಿಗೆ ಕೇಳುವಂತೆ ಹೇಳಿದ: "ನಮ್ ಪಾಲಲ್ಲಿ ಒಂದು ನಂಬ್ರಾನೂ ಮುಟ್ಬೇಡ ಕಣವ್ವ. ಅವ್ರ್ ಕೊಟ್ಗೆ ನೋಡಾಕೆ ನಮ್ದ್ಯಾಕೆ ಒಡೀಬೇಕು?"

ದೊಡ್ಡಮಾವ ಜೇಬಿನಿಂದ ಚೀಟಿ ತೆಗೆದ. ಅದು ಇನ್ನೂ ಅಲ್ಲೇ ಇತ್ತು. ಬಹಳ ಯೋಚಿಸಿ, ನ್ಯಾಯವಾದ ಮಾತನ್ನೇ ಹೇಳುತ್ತಿದ್ದೇನೆ ಎಂಬ ಮುಖ ಮಾಡಿಕೊಂಡು ಹೇಳಿದ:

"ಯಾರ್ದೂ ಮುಟ್ಬೇಡ. ಎಲ್ಡು ನಂಬ್ರ ಖರಾಬು ಅಂದಿದ್ದಲ್ಲ, ಯಾರ್ಗೂ ಬಾರದ್ದು? ಅದ್ರಲ್ಲೊಂದ ಅವ್ವಂಗೆ ಬರ್ದ್‌ಬುಡು."

ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಈಗ ಕೂತು ನೆನೆದರೆ ನಗು ಬರುತ್ತದೆ. ಆದರೆ ಅವತ್ತು ನನಗೆ ಮೈ ಉರಿದುಹೋಯಿತು. ಹಿರಿಯರು ಎಂಬುದನ್ನೂ ನೋಡದೆ ಅಂದೆ:

"ಮಾವ, ಖರಾಬಿನ ನಂಬರು ಯಾರಿಗೆ ಕೊಟ್ಟರೂ ಅವರಿಗೆ ಯಾರೂ ಕಾಣಲ್ಲ, ಅವರ ಮಾತೂ ಯಾರಿಗೂ ತಲುಪಲ್ಲ. ಅಜ್ಜಿ ಮೂರು ವರ್ಷದಿಂದ ಅದರಲ್ಲೇ ಇದ್ದಾಳೆ. ನೀವಿಬ್ಬರೂ ಸೇರಿ ಹಾಕಿದ್ದೀರಿ, ಹೋದ ತಿಂಗಳು ನಾನೂ ಸೇರಿಕೊಂಡೆ. ಇನ್ನು ಸಾಕು."

ಚಿಕ್ಕತ್ತೆ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ಅಜ್ಜಿ ಒಬ್ಬಳೇ ತಲೆಯೆತ್ತದೆ ಫೋನು ನೋಡುತ್ತಾ, "ಅದ್ಯಾಕಿಂಗ್ ಸುತ್ತಾ ಅದೆ?" ಎಂದಳು. ಕಡಸು ಬೆಳಗಿನಿಂದ ಮಲಗುವುದು ಏಳುವುದು ಮಾಡುತ್ತಿತ್ತು.

ನಾನು ಏಣಿ ತರಿಸಿದೆ. ಯಾರ ತುಂಡನ್ನೂ ಮುಟ್ಟುವ ಅಗತ್ಯವೇ ಇರಲಿಲ್ಲ. ಹೊಲವಾದರೆ ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡಬೇಕು, ಈ ವಿಳಾಸಗಳಿಗೆ ಆ ಶಾಪವಿಲ್ಲ. ಇವರಿಬ್ಬರೂ ಹಂಚಿಕೊಂಡದ್ದು 192.168.1. ಅದರ ಪಕ್ಕದ 192.168.2 ಪೂರ್ತಿ ಖಾಲಿ ಬಿದ್ದಿದೆ, ಆ ಮನೆಯಲ್ಲಿ ಅದನ್ನು ಕೇಳುವವರಿಲ್ಲ. ಅದರಲ್ಲಿ ಒಂದು ಚಿಕ್ಕ ತುಂಡು ಕತ್ತರಿಸಿ ಅಜ್ಜಿಗೆ ಕೊಟ್ಟೆ. ಎರಡೂ ಮನೆಯ ವೈಫೈ ಪೆಟ್ಟಿಗೆಗಳಿಂದ ಇನ್ನೊಂದು ಹೆಸರಿನ ವೈಫೈಯೂ ಹೊರಡುವಂತೆ ಮಾಡಿದೆ. ಆ ಹೆಸರು 'ಅಜ್ಜಿ'. ಅವಳು ಆ ಬಾಗಿಲ ಒಳಗಿರಲಿ, ಈ ಬಾಗಿಲ ಒಳಗಿರಲಿ, ಅವಳ ಫೋನು ಅವಳದೇ ತುಂಡಿನಲ್ಲಿ ಇರುತ್ತದೆ. ಆಮೇಲೆ ರೂಟರಿಗೆ ಹೊಸ ಆಜ್ಞೆ ಬರೆದೆ. ಈ ಮನೆಯಿಂದ ಆ ಮನೆಗೆ ದಾಟಿಸಬೇಡ, ಅದು ಹಾಗೇ ಇರಲಿ. ಅಜ್ಜಿ ಮಾತ್ರ ಎರಡು ಕಡೆಗೂ ಹೋಗಬಹುದು. ಅವಳು ಕೇಳಿದ್ದಕ್ಕೆ ಎರಡು ಕಡೆಯವರೂ ಉತ್ತರ ಕೊಡಬೇಕು.

ಕೆಳಗಿಳಿದು ಮೂರನೆಯ ಚೀಟಿ ಬರೆದೆ. 192.168.2.0/28. ಚಿಕ್ಕಮಾವ ಬಗ್ಗಿ ನೋಡಿ, "ನಮ್ಗೆ ಇಪ್ಪತ್ತೈದು, ಅವ್ವಂಗೆ ಇಪ್ಪತ್ತೆಂಟಾ?" ಎಂದ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮಾವ, ಕಂಬದ ಕಡೆ ಮುಖ ಮಾಡಿಕೊಂಡು, "ಅಂಕಿ ದೊಡ್ಡದಾದ್ರೆ ಜಾಗ ಚಿಕ್ಕದು. ಕಲ್ಲು ಜಾಸ್ತಿ" ಎಂದ. ಕಂಬಕ್ಕೆ ಹೇಳಿದ್ದೇ ಆದರೂ ತಮ್ಮನಿಗೆ ತಲುಪಿತು. ಮೂರು ವರ್ಷದಲ್ಲಿ ಅವನ ಬಾಯಿಂದ ಆ ದಿಕ್ಕಿಗೆ ಹೋದ ಮೊದಲ ಮಾತು ಅದು ಎಂದು ಆಮೇಲೆ ಚಿಕ್ಕತ್ತೆ ನನಗೆ ಹೇಳಿದಳು.

ಚೀಟಿಯನ್ನು ಅಜ್ಜಿಯ ಕೈಗೆ ಕೊಟ್ಟೆ. ಅವಳು ಗೆರೆಯ ಮೇಲೆ ಬೆರಳಿಟ್ಟಳು.

"ಇದು ನಂದಾ?"

"ನಿಂದೇ ಕಣಜ್ಜಿ. ಹದಿನಾರು ನಂಬರು. ಎರಡು ಹೋಗುತ್ತೆ, ರೂಟರಿಗೆ ಒಂದು. ಉಳಿದ ಹದಿಮೂರರಲ್ಲಿ ನಿನ್ನ ಫೋನಿಗೆ ಒಂದು ಸಾಕು."

"ನಂಗೂ ಒಂದು ಹಿಸ್ಸಾ ಆಯ್ತು ಅನ್ನು" ಎಂದಳು. ನಗುತ್ತಲೇ ಅಂದಳು. ನಾನು ಇದು ಹಿಸ್ಸಾ ಅಲ್ಲ, ಅಳತೆ ಎಂದು ತಿದ್ದಲು ಹೋಗಲಿಲ್ಲ. ಚೀಟಿ ಎಲೆಅಡಿಕೆ ಚೀಲದೊಳಗೆ, ಸುಣ್ಣದ ಡಬ್ಬಿಯ ಕೆಳಗೆ ಹೋಯಿತು.

ಮಧ್ಯಾಹ್ನ ಅವಳನ್ನು ಚಿಕ್ಕಮಾವನ ನಡುಮನೆಗೆ ಕರೆದುಕೊಂಡು ಹೋಗಿ, ಊಟ ಮಾಡಿಸಿ, ಚಾಪೆಯ ಮೇಲೆ ಗೋಡೆಗೊರಗಿಸಿ ಕೂರಿಸಿದೆ. ಅದೇ ಗೋಡೆ, ಅದರ ತಲೆಯ ಮೇಲೆ ರೂಟರಿನ ಹಸಿರು ದೀಪ. ಫೋನಿನಲ್ಲಿ ಕೊಟ್ಟಿಗೆ ಕಾಣುತ್ತಿತ್ತು. ದೊಡ್ಡತ್ತೆ ಬೆಳಗಿನಿಂದ ಕಾದು ಸಾಕಾಗಿ, ಇನ್ನೂ ಹೊತ್ತಿದೆ ಎಂದು ಬಟ್ಟೆ ಒಗೆಯಲು ಹೋಗಿದ್ದಳು. ದೊಡ್ಡಮಾವ ಜಗಲಿಯ ಮೇಲೆ ಒರಗಿದ್ದ. ಚಿಕ್ಕಮಾವ ತನ್ನ ಹಿತ್ತಿಲಿನಲ್ಲಿ ಪಂಪಿನ ಪೈಪು ಬಿಚ್ಚಿ ಕೂತಿದ್ದ. ಕೊಟ್ಟಿಗೆಯಲ್ಲಿ ದನಗಳ ಹೊರತು ಯಾರೂ ಇರಲಿಲ್ಲ.

ಅಜ್ಜಿ ಫೋನನ್ನು ಕಣ್ಣಿಗೆ ಹತ್ತಿರ ತಂದಳು. ನಾನೂ ಬಗ್ಗಿದೆ. ಕಡಸು ಮಲಗಿತ್ತು, ಹಿಂಬದಿಯಲ್ಲಿ ಎರಡು ಗೊರಸು ಹೊರಗೆ ಬಂದಿದ್ದವು. ಕತ್ತು ನೀಡಿ ತಿಣುಕುತ್ತಿತ್ತು, ಗೊರಸು ಮುಂದಕ್ಕೆ ಬರುತ್ತಿರಲಿಲ್ಲ.

ನಾನು ಎದ್ದು ಓಡಬೇಕು ಎಂದುಕೊಳ್ಳುವಷ್ಟರಲ್ಲಿ ಅಜ್ಜಿ ಕೂಗಿದಳು. ಕೂತಲ್ಲಿಂದಲೇ, ಹೊಟ್ಟೆಯಿಂದ, ನಾನು ಚಿಕ್ಕವಳಿದ್ದಾಗ ಉಣ್ಣಲು ಕರೆಯುತ್ತಿದ್ದ ಅದೇ ದನಿಯಲ್ಲಿ:

"ಬನ್ರೋ ಇಬ್ರೂ! ಕರ ಸಿಗಾಕೊಂಡದೆ, ಬನ್ರೋ!"

ಗೋಡೆಯ ಆ ಕಡೆ ಜಗಲಿಯ ಮೇಲಿನ ಲೋಟ ಉರುಳಿದ ಸದ್ದಾಯಿತು. ಈ ಕಡೆ ಹಿತ್ತಿಲಲ್ಲಿ ಪೈಪು ಬಿದ್ದಿತು. ನಾನು ಹೊರಗೆ ಹೋಗಲಿಲ್ಲ. ಅಜ್ಜಿಯ ಪಕ್ಕ ಕೂತು ಫೋನು ಅಲುಗದ ಹಾಗೆ ಕೆಳಗಿನಿಂದ ಹಿಡಿದುಕೊಂಡೆ. ಮೊದಲು ಚೌಕಟ್ಟಿನೊಳಗೆ ಬಂದದ್ದು ಚಿಕ್ಕಮಾವ. ಬೇಲಿ ದಾಟಿ ಬಂದಿರಬೇಕು, ಪಂಚೆ ಹರಿದಿತ್ತು. ಹಿಂದೆಯೇ ದೊಡ್ಡಮಾವ ಬಂದ. ಒಂದು ಗಳಿಗೆ ಇಬ್ಬರೂ ನಿಂತರು. ಆಮೇಲೆ ದೊಡ್ಡಮಾವ ಮಂಡಿಯೂರಿ ಗೊರಸಿಗೆ ಬಟ್ಟೆ ಸುತ್ತಿದ, ಏನೋ ಹೇಳಿದ. ಕ್ಯಾಮೆರಾದಲ್ಲಿ ಮಾತು ಕೇಳಿಸುವುದಿಲ್ಲ. ಚಿಕ್ಕಮಾವ ಅವನ ಹಿಂದೆ ಕೂತು ತಾನೂ ಕೈ ಹಾಕಿದ. ಕಡಸು ತಿಣುಕಿದಾಗ ಎಳೆದರು, ಬಿಟ್ಟಾಗ ಬಿಟ್ಟರು. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಕರು ಜಾರಿ ಇಬ್ಬರ ಮಡಿಲಿಗೂ ಬಿತ್ತು.

ಚಿಕ್ಕಮಾವ ಅದರ ಮೂಗು ಒರೆಸಿದ. ದೊಡ್ಡಮಾವ ಹುಲ್ಲು ತಂದು ಮೈ ಉಜ್ಜಿದ. ಕಡಸು ತಿರುಗಿ ನೆಕ್ಕಲು ಶುರು ಮಾಡಿತು. ಕೆಲಸ ಮುಗಿದರೂ ಇಬ್ಬರೂ ಅಲ್ಲೇ ಬಾನಿಗೊರಗಿ ಕೂತಿದ್ದರು, ನಡುವೆ ಒಂದು ಮೊಳ ಜಾಗ ಬಿಟ್ಟು. ಮಾತಾಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಕರು ಕಾಲು ಅಗಲಿಸಿ, ಓಲಾಡಿ, ಎದ್ದು ನಿಂತಿತು. "ನೋಡಜ್ಜಿ, ಎದ್ದುಬಿಡ್ತು ನಿನ್ನ ಮೊಮ್ಮಗಳು" ಎಂದು ತೋರಿಸಿ, ಕರು ದೊಡ್ಡದಾಗಿ ಕಾಣಲಿ ಎಂದು ಪರದೆಯ ಮೇಲೆ ಬೆರಳಿಡಲು ಹೋದೆ.

ಅಜ್ಜಿ ನನ್ನ ಕೈ ಸರಿಸಿದಳು.

"ಕರೀನ ಆಮೇಕೆ ನೋಡುವ ಬುಡು ಮಗ. ಇಬ್ರೂ ಒಂದೇ ತಾವ ಕೂತವ್ರೆ, ಒಸಿ ಒತ್ತು ಇಂಗೇ ಇರ್ಲಿ."